ಜಕರಯ್ಯನ ಹದಿನೇಳನೆಯ ಸ್ಲೈಡು

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕಿವಿಗೊಡಿರಿ. ನಾನು ಹೇಳಹೊರಟಿರುವುದು ಮಹಾತ್ಮರೊಬ್ಬರ ಚರಿತ್ರೆಯಲ್ಲ. ಗುಂಟೂರಿನ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದ ಮೇಕತೋಟಿ ಜಕರಯ್ಯನ ಜೀವನದ ಮಾತು ಇದು. ಅವನ ಸಮಾಧಿಯ ಬಳಿ ನಿಂತು ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಅವನ ದೀನತೆಯನ್ನು ಹೇಳಿದೆ, ದುಡಿಮೆಯನ್ನು ಹೇಳಿದೆ, ನಮ್ಮ ಚರ್ಚಿನ ಗಂಟೆಯನ್ನು ಅವನು ಬಾರಿಸುತ್ತಿದ್ದ ಶ್ರದ್ಧೆಯನ್ನು ಹೇಳಿದೆ. ಹೇಳಲೇಬೇಕಾಗಿದ್ದ ಒಂದು ಸಂಗತಿಯನ್ನು ಮಾತ್ರ ನುಂಗಿಕೊಂಡೆ. ಹೇಳಿದ್ದರೆ ಅಷ್ಟು ಜನರ ಮುಂದೆ ನನ್ನ ತಲೆ ತಗ್ಗುತ್ತಿತ್ತು. ಇಂದು ತಗ್ಗಲಿ ಎಂದೇ ಬರೆಯಲು ಕುಳಿತಿದ್ದೇನೆ.

ಜಕರಯ್ಯ ಓದಿದ್ದು ಐದನೆಯ ತರಗತಿ. ಕಾಲೇಜಿಗೆ ಬಂದದ್ದು ಕುಂಡಗಳಿಗೆ ನೀರು ಹಾಕಲು. ನಾನು ಡೆಮಾನ್‌ಸ್ಟ್ರೇಟರಾಗಿ ಸೇರುವ ಹೊತ್ತಿಗೆ ಅವನು ಮೈಕ್ರೋಟೋಮಿನ ಮುಂದೆ ಕುಳಿತಾಗಿತ್ತು. ಮೇಣದಲ್ಲಿ ಹುದುಗಿಸಿದ ಹೂಮೊಗ್ಗನ್ನು ಕೂದಲಿಗಿಂತ ತೆಳುವಾಗಿ ಸೀಳುವ ಯಂತ್ರವದು. ಸೀಳಿದ ಪದರಗಳು ಒಂದಕ್ಕೊಂದು ಅಂಟಿ ಉದ್ದನೆಯ ಪಟ್ಟಿಯಾಗಿ ಇಳಿಯುತ್ತವೆ. ಅವನ್ನು ತುಂಡು ಮಾಡಿ, ಮೊಟ್ಟೆಯ ಬಿಳಿ ಸವರಿದ ಗಾಜಿನ ಮೇಲೆ ಕೂರಿಸಿ, ಕೆಂಪು ಹಸುರು ಬಣ್ಣಗಳಲ್ಲಿ ಮುಳುಗಿಸಿ ತೆಗೆದರೆ ಸ್ಲೈಡು. ಆ ಮೊಟ್ಟೆ ಅವನ ಹೆಂಡತಿ ಸುಗುಣಮ್ಮ ಸಾಕಿದ ಕೋಳಿಗಳದು. "ಬಿಳಿ ನಿಮ್ಮ ಕಾಲೇಜಿಗೆ, ಹಳದಿ ನನ್ನ ಗಂಡನಿಗೆ. ಕೋಳಿ ಮಾತ್ರ ನನ್ನದು," ಎಂದು ಆಕೆ ನಮ್ಮನ್ನು ಹಂಗಿಸುತ್ತಿದ್ದಳು.

ಹೂವಿನ ಅಂಡಾಶಯದೊಳಗೆ, ಮುಂದೆ ಬೀಜವಾಗಬೇಕಾದ ಪುಟ್ಟ ಗಂಟೊಂದು ಇರುತ್ತದೆ. ಅದೇ ಅಂಡಕ. ಅದಕ್ಕೊಂದು ತೊಟ್ಟು, ತುದಿಯಲ್ಲೊಂದು ಸೂಜಿಮೊನೆಯಷ್ಟು ಬಾಯಿ. ತೊಟ್ಟಿನ ಮೇಲೆ ಅಂಡಕ ಹೇಗೆ ನಿಂತಿದೆ, ಬಾಯಿ ಎತ್ತ ತಿರುಗಿದೆ ಎಂಬುದನ್ನು ನೋಡಿ ಪಂಡಿತರು ಬೇರೆ ಬೇರೆ ಹೆಸರಿಟ್ಟಿದ್ದಾರೆ. ಆರ್ಥೋಟ್ರೋಪಸ್, ಅನಾಟ್ರೋಪಸ್, ಕ್ಯಾಂಪೈಲೋಟ್ರೋಪಸ್, ಸರ್ಸಿನೋಟ್ರೋಪಸ್ ಎಂದು ನಮ್ಮ ವಿದ್ಯಾರ್ಥಿಗಳು ವರಾಂಡದಲ್ಲಿ ನಡೆದಾಡುತ್ತ ಬಾಯಿಪಾಠ ಮಾಡುತ್ತಿದ್ದರು. ಜಕರಯ್ಯ ಆ ಹೆಸರುಗಳನ್ನು ಲೇಬಲ್ಲಿನ ಮೇಲೆ ಚಿತ್ರ ಬಿಡಿಸಿದಂತೆ ಬರೆಯುತ್ತಿದ್ದನಾದರೂ ಬಾಯಲ್ಲಿ ಅವನವೇ ಹೆಸರುಗಳಿದ್ದವು. ಕಾಲುವೆ ದಂಡೆಯ ಕಳೆಗಿಡದ್ದು 'ನಿಂತದ್ದು'. ಔಡಲದ್ದು 'ತಲೆ ತಗ್ಗಿಸಿದ್ದು'. ಸಾಸಿವೆಯದು 'ಬೆನ್ನು ಬಾಗಿದ್ದು'. ರೈಲುಹಳಿಯ ಪಕ್ಕದ ಬೇಲಿಯಲ್ಲಿ ಬೆಳೆಯುತ್ತಿದ್ದ ಪಾಪಸುಕಳ್ಳಿಯದು 'ಸುತ್ತಿ ಬಂದದ್ದು'.

ಈ ಕಳ್ಳಿಯ ಅಂಡಕ ಬಹು ಅಪರೂಪದ್ದು. ಬೆಳೆಯುತ್ತ ಬೆಳೆಯುತ್ತ ಅದು ಬಾಗಿ ತಲೆಕೆಳಗಾಗುತ್ತದೆ. ಅಲ್ಲಿಗೆ ನಿಲ್ಲದೆ ಇನ್ನೂ ತಿರುಗಿ, ಬಾಯಿ ಮತ್ತೆ ಮೇಲಕ್ಕೆ ಬಂದಾಗ ನಿಲ್ಲುತ್ತದೆ. ಅಷ್ಟರಲ್ಲಿ ಉದ್ದನೆಯ ತೊಟ್ಟು ಅದರ ಸುತ್ತ ಒಂದು ಸುತ್ತು ಸುತ್ತಿಕೊಂಡಿರುತ್ತದೆ.

"ಮೊದ್ಲು ನಾಚ್ಕೊಂಡು ತಲೆ ತಗ್ಸತ್ತೆ ಮಾಸ್ಟಾರೂ," ಎಂದು ಜಕರಯ್ಯ ಒಮ್ಮೆ ನನಗೆ ತೋರಿಸಿದ. "ಆಮೇಲೆ ಪೂರ್ತಿ ತಿರುಗಿ ಎದ್ದು ನಿಲ್ಲತ್ತೆ. ಸೊಂಟದ ಸುತ್ತ ಹಗ್ಗ ಮಾತ್ರ ಹಾಗೇ ಉಳ್ಕೊಳ್ಳತ್ತೆ."

ಆದರೆ ಆ ಹಗ್ಗ ಕಾಣಬೇಕಾದರೆ ಚಾಕು ಸರಿಯಾಗಿ ನಟ್ಟನಡುವೆ ಹಾಯಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ತೊಟ್ಟು ತಪ್ಪಿಹೋಗಿ, ಅಂಡಕ ಎಂದೂ ಬಾಗಿಯೇ ಇರಲಿಲ್ಲವೆಂಬಂತೆ ನೆಟ್ಟಗೆ ನಿಂತದ್ದು ಮಾತ್ರ ಕಾಣುತ್ತದೆ. ಗುಂಟೂರಿನ ಬಿಸಿಲಿಗೆ ಮೇಣ ಮೆತ್ತಗಾಗಿ ಚಾಕುವಿಗೆ ಅಂಟುವುದರಿಂದ ಡಿಸೆಂಬರಿನ ಮುಂಜಾವಿನಲ್ಲಿ ಮಾತ್ರ ಆ ಕೆಲಸ ನಡೆಯುತ್ತಿತ್ತು. ಒಂದು ಡಿಸೆಂಬರಿನಲ್ಲಿ ಜಕರಯ್ಯ ಕತ್ತರಿಸಿದ ಪಟ್ಟಿಯ ಹದಿನೇಳನೆಯ ತುಂಡಿನಲ್ಲಿ ಒಂದೇ ಒಂದು ಅಂಡಕ, ಸುತ್ತಿದ ತೊಟ್ಟಿನ ಸಮೇತ, ಸಂಪೂರ್ಣವಾಗಿ ಸಿಕ್ಕಿತು. ಹದಿನೇಳನೆಯ ಸ್ಲೈಡೆಂದರೆ ಅವನ ಮಾನ. ಬೇರೆ ಕಾಲೇಜಿನ ಅಧ್ಯಾಪಕರು ಅದನ್ನು ನೋಡಲೆಂದೇ ಬರುತ್ತಿದ್ದರು. ಅವನು ಕೈಕಟ್ಟಿ ಪಕ್ಕದಲ್ಲಿ ನಿಂತಿರುತ್ತಿದ್ದ.

ಹನ್ನೆರಡು ವರ್ಷ ಪ್ರತಿಯೊಂದು ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯಲ್ಲೂ ಅದೇ ಸ್ಲೈಡು ನಾಲ್ಕನೆಯ ಸೂಕ್ಷ್ಮದರ್ಶಕದ ಕೆಳಗೆ ಕುಳಿತಿತು. ಮೇಜಿನ ಮೇಲೆ ಸಾಲಾಗಿ ಹನ್ನೆರಡು ಸೂಕ್ಷ್ಮದರ್ಶಕಗಳು. ಎರಡು ನಿಮಿಷಕ್ಕೊಮ್ಮೆ ಗಂಟೆ. ವಿದ್ಯಾರ್ಥಿ ನೋಡಿ, ಗುರುತಿಸಿ, ಚಿತ್ರ ಬರೆದು ಮುಂದಿನದಕ್ಕೆ ಸರಿಯಬೇಕು. ಆದರೆ ನಾಲ್ಕನೆಯದು ಕಳ್ಳಿಯೆಂದು ಹಿರಿಯರು ಕಿರಿಯರಿಗೆ ವರ್ಷವರ್ಷವೂ ಹೇಳಿಕೊಟ್ಟಿದ್ದರು. ಆದ್ದರಿಂದ ಅದರೊಳಗೆ ಕಣ್ಣಿಡುವ ಕಷ್ಟವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಪುಸ್ತಕದ ಚಿತ್ರವನ್ನು ನೆನಪಿನಿಂದ ಗೀಚಿ, ಹೆಸರು ಬರೆದು, ಉಳಿದ ಒಂದೂವರೆ ನಿಮಿಷದಲ್ಲಿ ಮೂರನೆಯದರ ಉತ್ತರ ತಿದ್ದಿಕೊಳ್ಳುತ್ತಿದ್ದರು.

ಪರೀಕ್ಷೆಗೆ ಮುಂಚೆ ಹನ್ನೆರಡನ್ನೂ ಪರಿಶೀಲಿಸಿ ಸರಿಯುತ್ತರಗಳ ಪಟ್ಟಿಗೆ ಸಹಿ ಹಾಕಬೇಕಾದವನು ನಾನು. ಸತ್ಯವನ್ನೇ ಹೇಳುತ್ತೇನೆ, ಪ್ರಿಯರೇ: ನಾಲ್ಕನೆಯದರೊಳಗೆ ನಾನೂ ಕಣ್ಣಿಡುತ್ತಿರಲಿಲ್ಲ.

ಅರವತ್ತಾರನೆಯ ಇಸವಿಯ ಏಪ್ರಿಲ್. ಮೊದಲ ದಿನದ ಪರೀಕ್ಷೆಗೆ ಜಕರಯ್ಯ ಬೆಳಗ್ಗೆ ಆರೂವರೆಗೇ ಬಂದು ಮಸೂರಗಳನ್ನು ಒರೆಸಿಟ್ಟ. ನಾಲ್ಕನೆಯದನ್ನು ಸರಿಪಡಿಸುವಾಗ ಅವನ ಬೆರಳು ಸಣ್ಣ ತಿರುಪಿನ ಬದಲು ದೊಡ್ಡ ತಿರುಪಿನ ಮೇಲಿತ್ತು. ಮಸೂರದ ಕೊಳವೆ ಕೆಳಗಿಳಿದು ಸ್ಲೈಡಿನ ಮೇಲೆ ಕುಳಿತಿತು. ಟಕ್ ಎಂದು ಸಣ್ಣದೊಂದು ಸದ್ದು. ಹೊಸ ವಿದ್ಯಾರ್ಥಿಗಳು ವರ್ಷಕ್ಕೆ ಇಪ್ಪತ್ತು ಸ್ಲೈಡನ್ನು ಹೀಗೆ ಒಡೆಯುತ್ತಾರೆ. "ಕಣ್ಣು ಮೇಲಿದ್ರೆ ಕೈ ಕೆಳಗಿಳೀಬಾರ್ದು ಕಣಯ್ಯಾ," ಎಂದು ಅವರನ್ನು ಬಯ್ಯುತ್ತಿದ್ದವನೇ ಜಕರಯ್ಯ. ಈಗ ಒಡೆದದ್ದು ಹದಿನೇಳನೆಯದು, ಒಡೆದ ಕೈ ಅವನದೇ.

ಅವನು ಓಡಿಬಂದು ಹೇಳಬಹುದಾಗಿತ್ತು. ಆದರೆ ಪೆಟ್ಟಿಗೆಯಿಂದ ಅದೇ ಮೇಣದ ಪಟ್ಟಿಯ ಇಪ್ಪತ್ತಮೂರನೆಯ ಸ್ಲೈಡನ್ನು ತೆಗೆದು ಅಲ್ಲಿಟ್ಟ. ಅದೇ ಹೂವು, ಅದೇ ಬಣ್ಣ, ಅದೇ ಲೇಬಲ್ಲು. ತೊಟ್ಟು ಮಾತ್ರ ಇಲ್ಲ. ಯಾರೂ ನೋಡುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಒಂಬತ್ತು ಗಂಟೆಗೆ ನಾನು ಬಂದು ಸಾಲಿನುದ್ದಕ್ಕೂ ಒಮ್ಮೆ ನಡೆದು ಸಹಿ ಹಾಕಿದೆ.

ಇಪ್ಪತ್ತೇಳು ವಿದ್ಯಾರ್ಥಿಗಳಲ್ಲಿ ಒಬ್ಬಳು ನೋಡಿದಳು. ತಾಡಿಕೊಂಡ ಹೈಮಾವತಿ ಎಂದು ಅವಳ ಹೆಸರು. ದಿನವೂ ತೆನಾಲಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದ ಹುಡುಗಿ. ಅವಳು ಕಂಡದ್ದನ್ನೇ ಚಿತ್ರಿಸಿದಳು: ನೆಟ್ಟಗೆ ನಿಂತ ಅಂಡಕ, ಮೇಲೆ ಬಾಯಿ. ಕೆಳಗೆ 'ಆರ್ಥೋಟ್ರೋಪಸ್' ಎಂದು ಬರೆದಳು, ಜಕರಯ್ಯನ ಮಾತಿನಲ್ಲಿ 'ನಿಂತದ್ದು'.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಧಾನಿ ಗಾರು, ಬಿಗಿ ಮನುಷ್ಯ. ಮಧ್ಯಾಹ್ನದ ಮೌಖಿಕ ಪರೀಕ್ಷೆಯಲ್ಲಿ ಅವಳ ಹಾಳೆಯನ್ನು ಎತ್ತಿ ಹಿಡಿದರು.

"ಇಪ್ಪತ್ತಾರು ಜನಕ್ಕೆ ಕಂಡದ್ದು ನಿನಗೊಬ್ಬಳಿಗೇ ಕಾಣಲಿಲ್ಲವೇನಮ್ಮಾ?"

"ಕಂಡದ್ದನ್ನೇ ಬರೆದೆ ಸಾರ್."

"ಹಾಗಾದ್ರೆ ತೊಟ್ಟು ಎಲ್ಲಿ ಹೋಯ್ತು? ತೆನಾಲಿ ರೈಲು ಹತ್ತಿತಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ವಿಭಾಗದ ಮುಖ್ಯಸ್ಥರಾದ ಪರಂಜ್ಯೋತಿ ಗಾರು ನಕ್ಕರು. ನಾನೂ ನಕ್ಕೆ. ಅವಧಾನಿ ಗಾರು ಸೊನ್ನೆ ಹಾಕಿದ್ದಲ್ಲದೆ, 'ಸೂಕ್ಷ್ಮದರ್ಶಕದೊಳಗೆ ನೋಡದೆಯೇ ಉತ್ತರಿಸಿದ್ದಾಳೆ' ಎಂದು ಷರಾ ಬರೆದರು. ಅವಳು ಎಂ.ಎಸ್ಸಿ.ಗೆ ಅರ್ಜಿ ಹಾಕುವವಳಿದ್ದಳು. ಅಂಥ ಷರಾ ವಿಶ್ವವಿದ್ಯಾಲಯಕ್ಕೆ ಹೋದರೆ ಅವಳಿಗೆ ಸೀಟು ಸಿಗುವ ಮಾತೇ ಇರಲಿಲ್ಲ. ಅಂಕಪಟ್ಟಿಗೆ ಅರಗಿನ ಮುದ್ರೆ ಬೀಳುವುದು ಮರುದಿನ ನಾಲ್ಕು ಗಂಟೆಗೆ.

ಆ ಸಂಜೆ ಅವಳು ವರಾಂಡದ ನಲ್ಲಿಯ ಬಳಿ ಗಾಜುಗಳನ್ನು ತೊಳೆಯುತ್ತಿದ್ದ ಜಕರಯ್ಯನ ಎದುರು ನಿಂತಳು.

"ಜಕರಯ್ಯ ಗಾರೂ, ನಾಲ್ಕನೇದ್ರಲ್ಲಿ ತೊಟ್ಟು ಇತ್ತಾ?"

ಅವನು ನಲ್ಲಿಯನ್ನು ನಿಲ್ಲಿಸಲಿಲ್ಲ. "ಇತ್ತಮ್ಮಾ," ಎಂದ.

"ನೀವು ನೋಡಿದ್ರಾ?"

"ಹನ್ನೆರಡು ವರ್ಷದಿಂದ ನೋಡ್ತಿದೀನಲ್ಲಮ್ಮಾ."

ಅವಳು ಕಣ್ಣೊರೆಸಿಕೊಂಡು ಸ್ಟೇಷನ್ನಿನ ಕಡೆ ಹೋದಳು.

ಅಂದು ಚರ್ಚಿನಲ್ಲಿ ಆರು ಗಂಟೆಯ ಪ್ರಾರ್ಥನಾಕೂಟಕ್ಕೆ ಗಂಟೆ ಹತ್ತು ನಿಮಿಷ ತಡವಾಗಿ ಬಾರಿಸಿತು. ಅಲ್ಲಿ ಪ್ರಸಂಗ ಮಾಡುತ್ತಿದ್ದ ನಾನು ಅಂದು ಮಾತಾಡಬೇಕಿದ್ದ ವಿಷಯ ಪಶ್ಚಾತ್ತಾಪ. ಪಕ್ಕದ ಚಿಕ್ಕ ಕೋಣೆಯಲ್ಲಿ ಟಿಪ್ಪಣಿ ತಿರುವುತ್ತಿದ್ದಾಗ ಜಕರಯ್ಯ ಬಾಗಿಲಲ್ಲಿ ನಿಂತ. ಕರವಸ್ತ್ರದ ಗಂಟು ಬಿಚ್ಚಿ ಒಡೆದ ಗಾಜಿನ ತುಂಡುಗಳನ್ನು ಮೇಜಿನ ಮೇಲಿಟ್ಟ. ನಡೆದದ್ದೆಲ್ಲವನ್ನೂ, ನಲ್ಲಿಯ ಬಳಿಯ ಮಾತನ್ನೂ ಹೇಳಿದ.

"ಪಾಪ ಆ ಹುಡುಗಿ ನಿಜ ಬರೆದಿದಾಳೆ ಮಾಸ್ಟಾರೂ. ನಾಳೆ ಆ ದೊಡ್ಡವರ ಹತ್ರ ಹೋಗಿ ಹೇಳ್ಬಿಡ್ಲಾ?"

ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಆ ಹುಡುಗಿಯಲ್ಲ. ಪಟ್ಟಿಯ ಕೆಳಗಿದ್ದ ನನ್ನ ಸಹಿ.

"ನೋಡು ಜಕರಯ್ಯಾ," ಎಂದೆ, "ಜೂನಿನಲ್ಲಿ ವಿಶ್ವವಿದ್ಯಾಲಯದ ತನಿಖಾ ಮಂಡಳಿ ಬರ್ತಿದೆ. ವಿಭಾಗದ ಹೆಸರು ಹೋಗತ್ತೆ. ಪರಂಜ್ಯೋತಿ ಗಾರು ಎದೆ ಒಡ್ಕೊಳ್ತಾರೆ. ಆ ಹುಡುಗಿ ಬುದ್ಧಿವಂತೆ, ಹೇಗೋ ದಾರಿ ಮಾಡ್ಕೊಳ್ತಾಳೆ. ನೀನು ಪ್ರಾರ್ಥನೆ ಮಾಡು."

"ಪ್ರಾರ್ಥನೆ ಮಾಡ್ದೆ ಮಾಸ್ಟಾರೂ. ಅದಕ್ಕೇ ನಿಮ್ಹತ್ರ ಬಂದೆ."

ನಾನು ಗಡಿಯಾರ ನೋಡಿದೆ. ಅವನು ತುಂಡುಗಳನ್ನು ಮತ್ತೆ ಕಟ್ಟಿಕೊಂಡ. ಆಮೇಲೆ ನಾನು ಒಳಗೆ ಹೋಗಿ, ತಪ್ಪಿನ ದಾರಿಯಿಂದ ತಿರುಗಿಕೊಳ್ಳುವುದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಜಕರಯ್ಯ ತನ್ನ ಕೈಬೆರಳುಗಳನ್ನೇ ನೋಡುತ್ತಿದ್ದ. ನನ್ನ ದೇವರೇ, ಆ ಮುಕ್ಕಾಲು ಗಂಟೆಯನ್ನು ನೀನು ಯಾವ ಲೆಕ್ಕಕ್ಕೆ ಹಿಡಿದೆಯೋ.

ಮರುದಿನ ನಾಲ್ಕು ಗಂಟೆ. ಎರಡನೆಯ ದಿನದ ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ದಾಖಲೆ ಪುಸ್ತಕ ಒಪ್ಪಿಸಲು ಸಾಲಾಗಿ ನಿಂತಿದ್ದರು. ಹೈಮಾವತಿ ಮೇಜಿನ ಹತ್ತಿರವೇ ಇದ್ದಳು. ಅವಧಾನಿ ಗಾರು ಅಂಕಪಟ್ಟಿಯನ್ನೂ ನನ್ನ ಸಹಿಯಿದ್ದ ಪಟ್ಟಿಯನ್ನೂ ಜೋಡಿಸಿ ಲಕೋಟೆಗೆ ಹಾಕುವುದರಲ್ಲಿದ್ದರು. ಮುದ್ರೆಗೆ ಮೇಣದಬತ್ತಿ, ಅರಗು ತರುವುದು ಜಕರಯ್ಯನ ಕೆಲಸ. ಅವನು ಮೇಣದಬತ್ತಿ ಹಚ್ಚಿ ಇಟ್ಟ. ಅರಗನ್ನಿಟ್ಟ. ಆಮೇಲೆ ಕರವಸ್ತ್ರದ ಗಂಟನ್ನೂ ಇಪ್ಪತ್ತಮೂರನೆಯ ಸ್ಲೈಡನ್ನೂ ಅದರ ಪಕ್ಕದಲ್ಲಿಟ್ಟ.

"ಏನಯ್ಯಾ ಇದು?"

"ಇದು ಇರಬೇಕಾದ ಸ್ಲೈಡು ಸಾರ್. ಒಡೆದೋಯ್ತು, ನಾನೇ ಒಡೆದೆ. ನಿನ್ನೆ ಅಲ್ಲಿದ್ದಿದ್ದು ಈ ಇನ್ನೊಂದು. ಇದ್ರಲ್ಲಿ ತೊಟ್ಟಿಲ್ಲ. ಆ ಅಮ್ಮ ಬರೆದದ್ದೇ ಸರಿ."

ಪರಂಜ್ಯೋತಿ ಗಾರು ಎದ್ದು ನಿಂತರು. "ಜಕರಯ್ಯಾ, ನಿನಗೆ ತಲೆಗಿಲೆ ಕೆಟ್ಟಿದ್ಯಾ?"

"ನಿನ್ನೆ ಕೆಟ್ಟಿತ್ತು ಸಾರ್."

ಅವಧಾನಿ ಗಾರು ಆ ಸ್ಲೈಡನ್ನು ಕಿಟಕಿಯ ಬಳಿಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಅವರ ಮುಖ ಕೆಂಪಾಗಿತ್ತು.

"ನಾನೂ ನೋಡಿರಲಿಲ್ಲ," ಎಂದರು ಮೆಲ್ಲಗೆ. "ಪಟ್ಟಿ ನೋಡಿ ಅಂಕ ಹಾಕಿದೆ. ನೋಡದೆ ಬರೆದವರು ಇಪ್ಪತ್ತಾರು ಜನ, ನೋಡದೆ ತಿದ್ದಿದವನು ನಾನು. ನೋಡಿದವಳು ಈ ಹುಡುಗಿ ಒಬ್ಬಳು." ಆ ಷರಾವನ್ನು ಹೊಡೆದುಹಾಕಿ, ಅವಳಿಗೆ ಪೂರ್ಣ ಅಂಕವಿಟ್ಟು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಆಮೇಲೆ ಜಕರಯ್ಯನ ಕಡೆ ತಿರುಗಿದರು. "ಪರೀಕ್ಷೆಗೆ ಮುಂಚೆ ಇದನ್ನ ಯಾರೂ ಪರಿಶೀಲಿಸಲಿಲ್ವಾ?"

ನಾನು ಜಕರಯ್ಯನಿಂದ ಎರಡು ಮೊಳ ದೂರದಲ್ಲಿ ನಿಂತಿದ್ದೆ. ಅವನು ಕೂಡಲೇ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆ ತಡ ನನಗಾಗಿಯೇ ಎಂದು ನನಗೆ ಗೊತ್ತಾಯಿತು. ಬಾಯಿ ತೆರೆಯುವಷ್ಟು ಸಮಯವನ್ನು ಅವನು ನನಗೆ ಕೊಟ್ಟಿದ್ದ. ನಾನು ಮೇಣದಬತ್ತಿ ಕರಗುವುದನ್ನು ನೋಡುತ್ತ ನಿಂತೆ.

"ಇಟ್ಟವನು ನಾನು ಸಾರ್," ಎಂದ ಜಕರಯ್ಯ ಕೊನೆಗೆ.

ಹೈಮಾವತಿ ಅವನಿಗೆ ಧನ್ಯವಾದ ಹೇಳಿದಳೆಂದು ನೀವು ಎಣಿಸಬಹುದು. ಹೇಳಲಿಲ್ಲ.

"ನಿನ್ನೆ ಇತ್ತಮ್ಮಾ ಅಂದ್ರಲ್ಲ," ಎಂದಳು.

"ಅಂದೆ ಅಮ್ಮಾ. ಸುಳ್ಳು ಹೇಳ್ದೆ."

"ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡು ತೆನಾಲಿವರೆಗೂ ಅಳ್ತಾ ಹೋದೆ." ಅಷ್ಟು ಹೇಳಿ ದಾಖಲೆ ಪುಸ್ತಕವನ್ನಿಟ್ಟು ಹೊರಟುಹೋದಳು. ಅವನು ತಲೆ ತಗ್ಗಿಸಿ, ಉಳಿದ ಅರಗನ್ನು ಎತ್ತಿಕೊಂಡ.

ಪ್ರಿನ್ಸಿಪಾಲರು ಅವನಿಗೆ ಮೆಮೊ ಕೊಟ್ಟರು. ಮೈಕ್ರೋಟೋಮಿನ ಕೋಣೆಯ ಬೀಗದ ಕೈಯನ್ನು ಕಿತ್ತುಕೊಂಡು ಮತ್ತೆ ಕುಂಡಗಳಿಗೆ ನೀರು ಹಾಕಲು ಹಚ್ಚಿದರು. ನಲವತ್ತು ದಾಟಿದವನು, ಮೊದಲು ಸೇರಿದಾಗ ಮಾಡುತ್ತಿದ್ದ ಕೆಲಸಕ್ಕೇ ಬಂದು ನಿಂತ. ಹುಡುಗರು ಹಾದುಹೋಗುವಾಗ "ಜಕರಯ್ಯಾ, ಕುಂಡಕ್ಕೆ ತೊಟ್ಟು ಇದ್ಯಾ?" ಎಂದು ಕೇಳುತ್ತಿದ್ದರು. "ಇದ್ಯೋ ಇಲ್ವೋ, ಬಗ್ಗಿ ನೋಡಿ ಹೇಳಪ್ಪಾ," ಎನ್ನುತ್ತಿದ್ದ. ನಾನು ಆ ದಾರಿಯನ್ನೇ ಬಿಟ್ಟು ಹಿಂಬಾಗಿಲಿನಿಂದ ಓಡಾಡತೊಡಗಿದೆ.

ಆ ಏಪ್ರಿಲಿನಲ್ಲೇ ಅವನು ಹಳಿಯ ಪಕ್ಕದ ಬೇಲಿಗೆ ಹೋಗಿ ಕಳ್ಳಿಯ ಮೊಗ್ಗುಗಳನ್ನು ಕಿತ್ತು ತಂದು ಸ್ಪಿರಿಟ್ಟಿನಲ್ಲಿ ಹಾಕಿಟ್ಟಿದ್ದ. ಕಳ್ಳಿಯ ನವಿರು ಮುಳ್ಳುಗಳನ್ನು ಸುಗುಣಮ್ಮ ಸೂಜಿಯಿಂದ ಅವನ ಬೆರಳುಗಳಿಂದ ಕೀಳುತ್ತ, "ಕೆಲಸ ಕಿತ್ಕೊಂಡ್ರೂ ಹುಚ್ಚು ಕಿತ್ಕೊಳ್ಳಕ್ಕಾಗ್ಲಿಲ್ಲ," ಎಂದು ಗೊಣಗಿದ್ದಳು. ಒಂದೂವರೆ ವರ್ಷದ ಮೇಲೆ ಬೀಗದ ಕೈ ಅವನಿಗೆ ಮರಳಿ ಬಂತು. ಆ ಡಿಸೆಂಬರಿನಲ್ಲಿ ಇನ್ನೂರ ಹನ್ನೆರಡು ಪದರ ಕತ್ತರಿಸಿದ ಮೇಲೆ, ಸುತ್ತಿ ಬಂದ ಅಂಡಕ ಮತ್ತೊಮ್ಮೆ ಇಡಿಯಾಗಿ ಸಿಕ್ಕಿತು. ಅದರ ಪಕ್ಕದಲ್ಲೇ ಹಳೆಯ ಇಪ್ಪತ್ತಮೂರನೆಯದನ್ನೂ ಪೆಟ್ಟಿಗೆಯಲ್ಲಿಟ್ಟು, ಅದಕ್ಕೆ ಹೊಸ ಲೇಬಲ್ಲು ಅಂಟಿಸಿದ: 'ತೊಟ್ಟು ಕಾಣುವುದಿಲ್ಲ. ಆದರೂ ಸುತ್ತಿ ಬಂದದ್ದೇ. ತಪ್ಪು ಕತ್ತರಿಸಿದವನದು. ಮೇ. ಜಕರಯ್ಯ.'

ಮುಂದಿನ ಪ್ರತಿ ಪರೀಕ್ಷೆಯ ಬೆಳಗ್ಗೆಯೂ ನಾನು ಸಹಿ ಹಾಕಲು ಬಂದಾಗ ಅವನು ನಾಲ್ಕನೆಯ ಸೂಕ್ಷ್ಮದರ್ಶಕದ ಬಳಿ ನಿಂತಿರುತ್ತಿದ್ದ. "ಒಂದ್ಸಲ ನೋಡ್ಬಿಡಿ ಮಾಸ್ಟಾರೂ," ಎನ್ನುತ್ತಿದ್ದ. ಇಷ್ಟೇ. ಮೊದಲ ಸಲ ಕಣ್ಣಿಟ್ಟಾಗ ನನಗೆ ಅಂಡಕ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಆದರೂ ನನ್ನ ಬಾಯಿ ತೆರೆಯಲಿಲ್ಲ. ಸಹಿಯ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ, ಸುಗುಣಮ್ಮನಿಗೂ.

ಅವನನ್ನು ಮಣ್ಣು ಮಾಡಿದ ದಿನ, ನನ್ನ ಇಪ್ಪತ್ತು ನಿಮಿಷದ ಮಾತು ಮುಗಿದ ಮೇಲೆ, ಅಲ್ಲಲ್ಲಿ ಕೂದಲು ನರೆತ ಹೆಂಗಸೊಬ್ಬಳು ಹತ್ತಿರ ಬಂದಳು. ಹೈಮಾವತಿ. ಆ ಹೊತ್ತಿಗೆ ಅವಳೇ ತೆನಾಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು.

"ಚೆನ್ನಾಗಿ ಮಾತಾಡಿದ್ರಿ ಸಾರ್," ಎಂದಳು. "ಒಂದು ಕೇಳ್ತೀನಿ. ಅವತ್ತು ಆ ಪಟ್ಟಿಗೆ ಸಹಿ ಹಾಕಿದ್ದು ಯಾರು?"

"ನೆನಪಿಲ್ಲಮ್ಮಾ," ಎಂದೆ.

ಇನ್ನೂ ಒಣಗದ ಮಣ್ಣಿನ ಪಕ್ಕದಲ್ಲಿ ನಿಂತು, ನಲ್ಲಿಯ ಬಳಿ ಅವನಾಡಿದ ಸುಳ್ಳಿಗಿಂತ ದೊಡ್ಡ ಸುಳ್ಳನ್ನು ಆಡಿದೆ. ಅವನು ತನ್ನ ಸುಳ್ಳನ್ನು ಒಂದು ಹಗಲಿನಲ್ಲಿ ತಿರುಗಿಸಿಕೊಂಡಿದ್ದ. ನಾನು ಇಪ್ಪತ್ತೆರಡು ವರ್ಷ ಚರ್ಚಿನ ಪ್ರಸಂಗಪೀಠದ ಮೇಲೆ ನೆಟ್ಟಗೆ ನಿಂತಿದ್ದೆ, ಎಂದೂ ಬಾಗಿಯೇ ಇರಲಿಲ್ಲವೆಂಬಂತೆ. ನೋಡಿದವರಿಗೆ ತೊಟ್ಟು ಕಾಣದ ಹಾಗೆ ನನ್ನನ್ನು ನಾನೇ ಕತ್ತರಿಸಿ ತೋರಿಸುತ್ತ ಬಂದಿದ್ದೆ.

ಮೂರನೆಯ ದಿನ ಅದೇ ಪ್ಯಾಸೆಂಜರ್ ರೈಲು ಹತ್ತಿ ತೆನಾಲಿಗೆ ಹೋದೆ. ಅವಳು ಬಾಗಿಲು ತೆರೆದಳು. ಒಳಗೆ ಕರೆಯುವುದಕ್ಕೆ ಮೊದಲೇ, ಹೊಸ್ತಿಲಿನ ಹೊರಗೆ ನಿಂತೇ ಹೇಳಿದೆ:

"ಸಹಿ ನಂದು ಅಮ್ಮಾ. ಅವತ್ತು ನೋಡದೆ ಹಾಕ್ದೆ. ಪರೀಕ್ಷಕರು ನಿನ್ನನ್ನ ಹಂಗಿಸ್ದಾಗ ನಕ್ಕೆ. ಜಕರಯ್ಯ ಬಂದು ಕೇಳಿದಾಗ ಸುಮ್ನಿರು ಅಂದೆ. ಮೊನ್ನೆ ನೆನಪಿಲ್ಲ ಅಂದದ್ದೂ ಸುಳ್ಳು."

"ಗೊತ್ತಿತ್ತು ಸಾರ್," ಎಂದಳು. "ಪಟ್ಟಿ ಮೇಜಿನ ಮೇಲೇ ಇತ್ತು. ಸಹಿ ಅವತ್ತೇ ಓದಿದ್ದೆ. ನೀವಾಗೇ ಹೇಳ್ತೀರಾ ಅಂತ ಕೇಳಿದೆ." ಬಾಗಿಲ ಚೌಕಟ್ಟಿಗೆ ಒರಗಿ, "ಆ ಮುದುಕನ್ನ ನಾನೂ ಒಂದು ದಿನ ಹುಡುಕ್ಕೊಂಡು ಹೋಗಿ ಮಾತಾಡಿಸ್ಲಿಲ್ಲ ನೋಡಿ," ಎಂದಳು. ಆಮೇಲೆ ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ಕುಡಿಯುವಾಗ ಇಬ್ಬರೂ ನೆಲವನ್ನು ನೋಡುತ್ತಿದ್ದೆವು.

ಮುಂದಿನ ಭಾನುವಾರ ಅದೇ ಮಾತನ್ನು ಸಭೆಯ ಮುಂದೆಯೂ ಹೇಳಿದೆ. ಸುಗುಣಮ್ಮ ಎದ್ದು ಹೊರಗೆ ಹೋದಳು. ಅವಳು ನನ್ನೊಡನೆ ಮತ್ತೆ ಮಾತಾಡಿದ್ದು ಐದು ತಿಂಗಳ ಮೇಲೆ. ಅದು ನನಗೆ ತಕ್ಕದ್ದೇ ಆಗಿತ್ತು. ನಾಚಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬಿಡಲೆಂದು ನಾನು ಬೇಡುವುದೂ ಇಲ್ಲ. ಸುತ್ತಿ ಬಂದದ್ದರ ಸೊಂಟದಲ್ಲಿ ಹಗ್ಗ ಉಳಿಯಲೇಬೇಕು.

ಆದ್ದರಿಂದ, ಪ್ರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಒಡೆದ ಗಾಜೊಂದನ್ನು ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದೀರಾ? ನಿಮ್ಮ ಮೌನದ ದೆಸೆಯಿಂದ ತನ್ನ ಕಣ್ಣನ್ನೇ ಅನುಮಾನಿಸಿಕೊಂಡು ಯಾರಾದರೂ ಅಳುತ್ತ ಮನೆಗೆ ಹೋದರೇ? ಇದ್ದರೆ, ನನ್ನಂತೆ ಇಪ್ಪತ್ತೆರಡು ವರ್ಷ ಕಾಯಬೇಡಿ. ಜಕರಯ್ಯನಂತೆ ನಾಳೆ ನಾಲ್ಕು ಗಂಟೆಯೊಳಗೆ, ಅರಗು ಆರುವ ಮೊದಲೇ ಹೋಗಿ, ಆ ಗಂಟನ್ನು ಬಿಚ್ಚಿ ಮೇಜಿನ ಮೇಲಿಡಿ.